ಮೊದಲನೇ ಪ್ರಶ್ನೆಯನ್ನು ನಂಬಿ ಬರೆದ ಪತ್ರ

ಜರ್ಮನಿಯ ಒಕ್ಕೂಟ ಸರ್ಕಾರದ ಗೃಹ ಸಚಿವರಿಗೆ,

ಮಾನ್ಯರೇ, ವಂದನೆಗಳು.

‘ಲೇಬೆನ್ ಇನ್ ಡಾಯ್ಚ್‌ಲಾಂಡ್’ (ಜರ್ಮನಿಯಲ್ಲಿ ಬದುಕು) ಎಂದು ವಲಸೆ ಬಂದವರಿಗೆ ನಡೆಸುವ ಪರೀಕ್ಷೆಯ ಪ್ರಶ್ನೆಪಟ್ಟಿಯಲ್ಲಿ ಮೊದಲನೆಯದೇ ಇದು: ಈ ದೇಶದಲ್ಲಿ ಜನ ಸರ್ಕಾರದ ವಿರುದ್ಧ ಬಹಿರಂಗವಾಗಿ ಮಾತಾಡಬಹುದು, ಏಕೆ? ಇಲ್ಲಿ ಅಭಿವ್ಯಕ್ತಿ ಸ್ವಾತಂತ್ರ್ಯವಿದೆ ಎಂಬುದು ಸರಿಯುತ್ತರ. (ತೆರಿಗೆ ಕಟ್ಟುತ್ತಾರೆ ಎಂಬ ಆಯ್ಕೆಯೂ ಉಂಟು. ನಮ್ಮ ತರಗತಿಯಲ್ಲಿ ಒಬ್ಬರು ಅದಕ್ಕೇ ಗುರುತು ಹಾಕಿದ್ದರು. ಪೂರಾ ತಪ್ಪೆಂದು ನನಗೇನೂ ಅನಿಸಲಿಲ್ಲ.) ಆ ಸರಿಯುತ್ತರವನ್ನು ನಂಬಿ ಈ ಪತ್ರ. ಜರ್ಮನ್ ಪ್ರತಿಯನ್ನು ನಿಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಕನ್ನಡದ್ದು, ಗಂಡನ ಕೆಲಸದ ಬೆನ್ನು ಹತ್ತಿ ನನ್ನ ಹಾಗೆ ಇಲ್ಲಿಗೆ ಬರುವ ನಮ್ಮವರು ಓದಲೆಂದು.

ನಾನು ಶಿವಮೊಗ್ಗ ಕಡೆಯವಳು. ಸ್ಟುಟ್‌ಗಾರ್ಟ್ ಸೇರಿದ ಮೇಲೆ ಇಂಟಿಗ್ರೇಷನ್ ಕೋರ್ಸ್, ಅಂದರೆ ಹೊರಗಿಂದ ಬಂದವರಿಗೆ ಇಲ್ಲಿನ ಭಾಷೆ, ರೀತಿನೀತಿ ಕಲಿಸುವ ಸರ್ಕಾರಿ ಕೋರ್ಸ್, ಮುಗಿಸಿದೆ. 600 ಪೀರಿಯಡ್ಡು ಭಾಷೆ, ಆಮೇಲೆ 100 ಪೀರಿಯಡ್ಡು ಓರಿಯೆಂಟೇಷನ್, ಅಂದರೆ ದೇಶದ ಪರಿಚಯ. 2005ರಲ್ಲಿ ಶುರುವಾದಾಗ ಈ ಎರಡನೆಯದಕ್ಕೆ ಬರೀ 30 ಇತ್ತು. ಏರುತ್ತ ಬಂದು, 2016ರಲ್ಲಿ 60ರಿಂದ 100 ಆಯಿತು. ಸಂವಿಧಾನ, ನಾಜಿ ಕಾಲ, ಬರ್ಲಿನ್ ಗೋಡೆ, ಯುರೋಪಿಯನ್ ಒಕ್ಕೂಟದ 27 ದೇಶ, ಗಂಡು ಹೆಣ್ಣಿನ ಸಮಾನತೆ, ಎಲ್ಲವೂ ಅದರೊಳಗೆ. ಕೊನೆಗೆ 33 ಪ್ರಶ್ನೆ. 15 ಸರಿಯಾದರೆ ಪಾಸು. ಕಲಿಯಬೇಕಾದ 310 ಪ್ರಶ್ನೆಗಳೂ ಮೊದಲೇ ಬಹಿರಂಗ. ಎಸ್ಸೆಸ್ಸೆಲ್ಸಿಯಲ್ಲಿ ಗೈಡ್ ಉರುಹೊಡೆದ ನನಗೆ ಇದು ಯಾವ ಲೆಕ್ಕ? ಎರಡು ವಾರದಲ್ಲಿ ಯುರೋಪಿನ ಮೌಲ್ಯಗಳು ಬಾಯಿಪಾಠ.

ನನ್ನ ಪಕ್ಕ ಕೂರುತ್ತಿದ್ದದ್ದು ಸಿರಿಯಾದಿಂದ ಬಂದ ಹೆಂಗಸು, ಮೂರು ಮಕ್ಕಳ ತಾಯಿ. ‘ಮಾನವನ ಘನತೆಗೆ ಧಕ್ಕೆ ತರುವಂತಿಲ್ಲ’ ಎಂಬ ಸಂವಿಧಾನದ ಮೊದಲ ವಿಧಿಯನ್ನು ಜರ್ಮನ್‌ನಲ್ಲಿ ತಡವರಿಸದೆ ಹೇಳುತ್ತಿದ್ದಳು. ಒಂದು ದಿನ ಬ್ರೇಕಿನಲ್ಲಿ ಬಾಡಿಗೆ ಮನೆಗೆಂದು ಫೋನು ಮಾಡಿದಳು. ಹೆಸರು ಹೇಳಿದ್ದೇ ತಡ, ಮನೆ ಹೋಯಿತು ಎಂದರು. ಸಂಜೆ ಅವಳ ನೆರೆಯ ಜರ್ಮನ್ ಅಜ್ಜಿ ಅದೇ ನಂಬರಿಗೆ ಮಾಡಿದರೆ, ಶನಿವಾರ ಬಂದು ನೋಡಿ ಎಂದರಂತೆ.

ಮರುದಿನ ಇದನ್ನು ತರಗತಿಯಲ್ಲಿ ಹೇಳಿದಳು. ತಾರತಮ್ಯಕ್ಕೆ ಉದಾಹರಣೆ ಯಾವುದು ಎಂಬ ಪ್ರಶ್ನೆ ಪಟ್ಟಿಯಲ್ಲೇ ಇದೆಯಲ್ಲ. ಮೇಷ್ಟ್ರು ಒಳ್ಳೆಯವರು, ನಿಜಕ್ಕೂ ಬೇಜಾರು ಮಾಡಿಕೊಂಡರು. ಆಮೇಲೆ ಗಡಿಯಾರ ನೋಡಿ ಮುಂದಿನ ಪ್ರಶ್ನೆಗೆ ಹೋದರು. ಪಾಪ, ಪೋರ್ಷನ್ ಮುಗಿಸಬೇಕಿತ್ತು.

2006ರಿಂದ ನಿಮ್ಮಲ್ಲಿ ಸಮಾನ ವರ್ತನೆಯ ಕಾನೂನಿದೆ. ಕೆಲಸವಿರಲಿ ಬಾಡಿಗೆ ಮನೆಯಿರಲಿ, ಅದರಡಿ ಪರಿಹಾರ ಕೇಳುವುದಿದ್ದರೆ ಸಾಮಾನ್ಯವಾಗಿ ಎರಡು ತಿಂಗಳೊಳಗೆ ಕೇಳಬೇಕು. ಪುಕ್ಕಟೆ ಸಲಹೆ ಕೊಡಲು ತಾರತಮ್ಯ ವಿರೋಧಿ ಸಂಸ್ಥೆಯೂ ಬರ್ಲಿನ್‌ನಲ್ಲಿದೆ. ನಮ್ಮ 100 ಪೀರಿಯಡ್ಡಿನಲ್ಲಿ ಈ ಎರಡು ತಿಂಗಳ ಮಾತು ಒಮ್ಮೆಯೂ ಬರಲಿಲ್ಲ. ನಾವಿಬ್ಬರೂ ಒಂದು ಸಲಹಾ ಕೇಂದ್ರಕ್ಕೆ ಹೋಗಿ ಅದನ್ನು ತಿಳಿಯುವಷ್ಟರಲ್ಲಿ ಮೂರನೇ ತಿಂಗಳು ನಡೆಯುತ್ತಿತ್ತು.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಮಾತು ನಮ್ಮಲ್ಲಿದೆ. ನೀರಿಗೆ ಬರಲು ನಮಗೇನೂ ಅಡ್ಡಿಯಿಲ್ಲ ಸಚಿವರೇ. ಹಗ್ಗ ಎಲ್ಲಿದೆ ತೋರಿಸಿ. ಆ 100ರಲ್ಲಿ 20 ಪೀರಿಯಡ್ಡನ್ನು ಪ್ರಶ್ನೆಪಟ್ಟಿಯಿಂದ ಬಿಡಿಸಿಕೊಡಿ. ಅಷ್ಟರಲ್ಲಿ ಪ್ರತಿಯೊಬ್ಬರೂ ತಮಗೇ ಆದ ಅನ್ಯಾಯದ ಮೇಲೆ ಒಂದು ದೂರುಪತ್ರ ಬರೆಯಲಿ, ತಾರೀಖು ಹಾಕಿ ಅಂಚೆಗೆ ಹಾಕಲಿ, ಬಂದ ಉತ್ತರವನ್ನು ತರಗತಿಯಲ್ಲಿ ಓದಲಿ. ಒಂದು ದಿನ ಕೋರ್ಟಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ವಿಚಾರಣೆ ನೋಡಲಿ. ಬಾಗಿಲು ತೆರೆದೇ ಇರುತ್ತದೆ ಎಂದು ನನಗೂ ಗೊತ್ತಿರಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಕೆಟ್ಟದಾಗಿ ನಡೆಸಿಕೊಂಡರೆ ಅಲ್ಲಿನ ಮುಖ್ಯಸ್ಥರಿಗೆ ದೂರು ಕೊಡಬಹುದು ಎಂಬ ಉತ್ತರವೂ ನಿಮ್ಮ ಪಟ್ಟಿಯಲ್ಲಿದೆ. ದೂರು ಕೊಟ್ಟರೆ ವೀಸಾಕ್ಕೆ ಕುತ್ತು ಬರುತ್ತದೇನೋ ಎಂದು ಹೆದರುವವರಿಂದಲೇ ನಮ್ಮ ತರಗತಿ ತುಂಬಿತ್ತು. ಅದರ ಬಗ್ಗೆ ಪಟ್ಟಿಯಲ್ಲಿ ಪ್ರಶ್ನೆಯಿಲ್ಲ.

ಉತ್ತರವನ್ನು ಜರ್ಮನ್‌ನಲ್ಲೇ ಬರೆಯಿರಿ. ಭಾಷೆಯಲ್ಲಿ ಬಿ1 ಹಂತ ಪಾಸಾಗಿದೆ, ಓದಿಕೊಳ್ಳುತ್ತೇನೆ.

ಇತಿ,
ಸ್ಟುಟ್‌ಗಾರ್ಟ್‌ನ ಒಬ್ಬ ಕನ್ನಡತಿ