ಹಳೆಯ ವೇಗದ ಕಾರುಗಳಿಗೆ ಬಿಡಿಭಾಗ ಸಿಗುವ ಖಾತರಿ ಬೇಕು

ಮಾನ್ಯ ಸಂಪಾದಕರೇ,

ಇಪ್ಪತ್ತು ವರ್ಷ ದಾಟಿದ ಕಾರುಗಳ ನೋಂದಣಿ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ 5,000 ರೂಪಾಯಿಯಿಂದ 10,000 ರೂಪಾಯಿಗೆ ಏರಿಸಿತು. ಅಂದಿನಿಂದ ಹಳೆಯ ವಾಹನಗಳ ಬಗ್ಗೆ ನಾನು ಓದಿದ ಬರಹಗಳಲ್ಲಿ ಹೊಗೆಯ ಮಾತು, ಗುಜರಿ ನೀತಿಯ ಮಾತು, ದೆಹಲಿಯ ನಿರ್ಬಂಧದ ಮಾತು ಎಲ್ಲವೂ ಇದ್ದವು. ಹಳೆಯ ಕಾರನ್ನು ಸುಸ್ಥಿತಿಯಲ್ಲಿಡಲು ಹೊರಟವರ ಹಣ ನಿಜವಾಗಿ ಎಲ್ಲಿ ಸೋರಿಹೋಗುತ್ತದೆ ಎಂಬ ವಿಚಾರ ಮಾತ್ರ ಕಾಣಲಿಲ್ಲ. ಹುಬ್ಬಳ್ಳಿಯಲ್ಲಿ ಎಲ್ಲ ಕಂಪನಿಗಳ ಕಾರುಗಳನ್ನೂ ರಿಪೇರಿ ಮಾಡುವ ಗ್ಯಾರೇಜು ನಡೆಸುತ್ತಿರುವ, ಅದರಲ್ಲೂ ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಹೆಚ್ಚಿಸುವ ಸಾಧನ) ಇರುವ ಪೆಟ್ರೋಲ್ ಎಂಜಿನ್ನಿನ ಕಾರುಗಳಲ್ಲೇ ಹೆಚ್ಚು ಕೆಲಸ ಮಾಡಿರುವ ನಾನು ಆ ವಿಚಾರವನ್ನು ಓದುಗರ ಮುಂದಿಡಲು ಬಯಸುತ್ತೇನೆ.

ನಾನು ಹೇಳುತ್ತಿರುವುದು ಕೋಟಿ ಬೆಲೆಯ ವಿದೇಶಿ ಕಾರುಗಳ ಬಗ್ಗೆ ಅಲ್ಲ. 2004ರಲ್ಲಿ 1.8 ಲೀಟರಿನ, 150 ಅಶ್ವಶಕ್ತಿಯ ಟರ್ಬೊ ಎಂಜಿನ್ ಹೊತ್ತು ನಮ್ಮ ಮಾರುಕಟ್ಟೆಗೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ಅದರ ನಂತರದ ಲಾರಾ ಆರ್‌ಎಸ್, ಫಿಯೆಟ್ ಲಿನಿಯಾ ಟಿ-ಜೆಟ್, 2013ರ ಪೋಲೊ ಜಿಟಿ ಟಿಎಸ್‌ಐ, 2015ರಲ್ಲಿ ಹತ್ತು ಲಕ್ಷದೊಳಗಿನ ಬೆಲೆಗೆ 145 ಅಶ್ವಶಕ್ತಿ ಕೊಟ್ಟ ಅಬಾರ್ಥ್ ಪುಂಟೊ, ಇಂಥವು ನನ್ನ ಮನಸ್ಸಿನಲ್ಲಿವೆ. ಹೊಸದಿದ್ದಾಗ ಇವುಗಳನ್ನು ಕೊಂಡವರು ಸ್ಥಿತಿವಂತರು. ಈಗ ಓಡಿಸುತ್ತಿರುವವರಲ್ಲಿ ಅನೇಕರು ಎರಡನೆಯ, ಮೂರನೆಯ ಮಾಲೀಕರು: ಎಂಜಿನಿಯರಿಂಗ್ ಮುಗಿಸಿ ಮೊದಲ ಕೆಲಸಕ್ಕೆ ಸೇರಿದ ಹುಡುಗರು, ಕಾಲೇಜು ದಿನಗಳಲ್ಲಿ ಆಸೆಪಟ್ಟ ಕಾರನ್ನು ನಲವತ್ತು ದಾಟಿದ ಮೇಲೆ ಕೊಂಡ ಅಧ್ಯಾಪಕರು, ಸಣ್ಣ ವ್ಯಾಪಾರಿಗಳು. ಕಾರಿನ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಬಂದು ಅವರ ಕೈಗೆ ಎಟುಕಿತು, ಆದರೆ ಅದೇ ಕಾರಿನ ಬಿಡಿಭಾಗಗಳ ಬೆಲೆ ಇಳಿಯಲಿಲ್ಲ, ಏರುತ್ತಲೇ ಹೋಯಿತು. ಇಪ್ಪತ್ತು ಲಕ್ಷದ ಕಾರಿಗೆಂದು ನಿಗದಿಯಾದ ದರವನ್ನು ನಾಲ್ಕು ಲಕ್ಷದ ಕಾರಿನ ಮಾಲೀಕ ತೆರಬೇಕಾಗಿ ಬರುವುದೇ ಈ ಸಮಸ್ಯೆಯ ಬೇರು.

ಇಂಥ ಕಾರುಗಳಲ್ಲಿ ಮುಪ್ಪಿನ ಖರ್ಚು ಎರಡು ಬಗೆಯದು. ಮೊದಲನೆಯದು ನ್ಯಾಯವಾದ ಖರ್ಚು. ವಾಲ್ವು ಮತ್ತು ಪಿಸ್ಟನ್‌ಗಳನ್ನು ತಾಳ ತಪ್ಪದಂತೆ ನಡೆಸುವ ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಿನಲ್ಲಿ ಅದು ಅವಧಿಗೆ ಸರಿಯಾಗಿ ಬದಲಾಗಲೇಬೇಕು, ಏಕೆಂದರೆ ಓಡುವಾಗ ಅದು ಹರಿದರೆ ವಾಲ್ವುಗಳು ಪಿಸ್ಟನ್‌ಗೆ ಬಡಿದು ಎಂಜಿನ್ನಿನ ಹೆಡ್ ಪೂರ್ತಿ ಹಾಳಾಗುತ್ತದೆ. ಬೆಲ್ಟ್ ಬಿಚ್ಚಿದಾಗಲೇ ವಾಟರ್ ಪಂಪ್ ಮತ್ತು ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಹೊಸದು ಹಾಕಿಸಿದರೆ ಅದೇ ಕೂಲಿಯನ್ನು ಎರಡು ಸಲ ಕೊಡುವುದು ತಪ್ಪುತ್ತದೆ. ಟರ್ಬೊದ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವಂಥದ್ದು, ಅದರ ಬೇರಿಂಗಿಗೆ ಆಯಿಲ್ಲೇ ಜೀವ. ದೂರದ ಓಟ ಮುಗಿಸಿದವರು ಎಂಜಿನ್ ಕಾದಿರುವಾಗಲೇ ಕೀಲಿ ತಿರುಗಿಸಿ ಇಳಿದುಹೋಗುವುದನ್ನು ರೂಢಿ ಮಾಡಿಕೊಂಡರೆ ಒಳಗಿನ ಆಯಿಲ್ ಸುಟ್ಟು ಗಟ್ಟಿಯಾಗುತ್ತದೆ. ಹತ್ತು ಹದಿನೈದು ವರ್ಷ ಕಾವು ತಿಂದ ರಬ್ಬರ್ ಹೋಸುಗಳು ಬಿರುಕು ಬಿಡುತ್ತವೆ, ಸಸ್ಪೆನ್ಷನ್ ಬುಷ್‌ಗಳು ಸವೆಯುತ್ತವೆ, ಇಗ್ನಿಷನ್ ಕಾಯಿಲ್‌ಗಳು ಒಂದೊಂದಾಗಿ ಕೈಕೊಡುತ್ತವೆ. ಇದೆಲ್ಲ ಯಂತ್ರದ ಸಹಜ ಧರ್ಮ. ಈ ಖರ್ಚಿನ ಬಗ್ಗೆ ನನ್ನ ತಕರಾರಿಲ್ಲ, ಕಾರನ್ನು ಬಲ್ಲ ಯಾವ ಮಾಲೀಕರೂ ಇದಕ್ಕೆ ಗೊಣಗಿದ್ದನ್ನು ನಾನು ಕಂಡಿಲ್ಲ.

ಎರಡನೆಯ ಬಗೆಯ ಖರ್ಚು ಯಂತ್ರದಿಂದ ಹುಟ್ಟಿದ್ದಲ್ಲ, ವ್ಯಾಪಾರದ ಪದ್ಧತಿಯಿಂದ ಹುಟ್ಟಿದ್ದು. ಗದಗಿನ ಗ್ರಾಹಕರೊಬ್ಬರ ಕಾರಿನ ಎರಡು ಕ್ಲಚ್‌ಗಳ ಸ್ವಯಂಚಾಲಿತ ಗೇರ್‌ಬಾಕ್ಸ್ ನಡುದಾರಿಯಲ್ಲಿ ನಿಂತುಹೋಯಿತು. ಅಧಿಕೃತ ಸರ್ವಿಸ್ ಸೆಂಟರಿನವರು ಗೇರ್‌ಗಳನ್ನು ನಿಯಂತ್ರಿಸುವ ಮೆಕಾಟ್ರಾನಿಕ್ ಘಟಕವನ್ನು ಪೂರ್ತಿ ಬದಲಿಸಬೇಕೆಂದು ಒಂದೂವರೆ ಲಕ್ಷ ಮೀರಿದ ಅಂದಾಜುಪಟ್ಟಿ ಕೊಟ್ಟರು. ನಾವು ಬಿಚ್ಚಿ ನೋಡಿದಾಗ ಆ ಘಟಕದಲ್ಲಿ ಆಯಿಲ್ಲಿನ ಒತ್ತಡ ಹಿಡಿದಿಡುವ ಭಾಗ ಕೂರುವ ಕಡೆ ಅಲ್ಯೂಮಿನಿಯಂ ಕವಚ ಬಿರುಕು ಬಿಟ್ಟಿತ್ತು. ಉಳಿದ ಸೊಲೆನಾಯ್ಡ್, ಸೆನ್ಸರ್, ಎಲೆಕ್ಟ್ರಾನಿಕ್ ಫಲಕ ಎಲ್ಲವೂ ಚೆನ್ನಾಗಿದ್ದವು. ಆ ಕವಚವನ್ನಷ್ಟೇ ಹೊರಗಿನ ಮಾರುಕಟ್ಟೆಯಲ್ಲಿ ಹುಡುಕಿ ತರಿಸಿ ಹಾಕಿದೆವು, ಬಿಲ್ಲು ಅಂದಾಜುಪಟ್ಟಿಯ ಕಾಲುಭಾಗವನ್ನೂ ಮುಟ್ಟಲಿಲ್ಲ. ಸರ್ವಿಸ್ ಸೆಂಟರಿನ ಮೆಕ್ಯಾನಿಕ್‌ಗಳು ಸುಳ್ಳು ಹೇಳಿದರೆಂದು ನಾನು ಭಾವಿಸುವುದಿಲ್ಲ. ಅವರ ಬಿಡಿಭಾಗಗಳ ಪಟ್ಟಿಯಲ್ಲಿ ಆ ಕವಚಕ್ಕೆ ಪ್ರತ್ಯೇಕ ಸಂಖ್ಯೆಯೇ ಇರಲಿಲ್ಲ, ಇದ್ದದ್ದು ಇಡೀ ಘಟಕಕ್ಕೆ ಮಾತ್ರ. ಒಂದು ಬುಷ್‌ಗಾಗಿ ಚಕ್ರವನ್ನು ಹಿಡಿದಿಡುವ ಇಡೀ ಕಂಟ್ರೋಲ್ ಆರ್ಮ್, ಒಂದು ಸೀಲಿಗಾಗಿ ಇಡೀ ಟರ್ಬೊ ಕೊಳ್ಳಬೇಕಾಗುವುದೂ ಇದೇ ಕಾರಣದಿಂದ. ಇನ್ನು, ಹೊಸ ಘಟಕ ಕೂರಿಸಿದ ಮೇಲೆ ಕಾರಿನ ಕಂಪ್ಯೂಟರಿಗೆ ಅದನ್ನು ಪರಿಚಯಿಸುವ ತಂತ್ರಾಂಶ ಬಹುತೇಕ ಕಂಪನಿಯ ಹಿಡಿತದಲ್ಲೇ ಇರುವುದರಿಂದ, ಕೆಲಸ ಬಲ್ಲ ಮೆಕ್ಯಾನಿಕ್ಕೂ ಕೊನೆಯ ಹಂತದಲ್ಲಿ ಅವರ ಬಾಗಿಲಿಗೇ ಹೋಗಬೇಕು.

ಕಂಪನಿಯೇ ದೇಶ ಬಿಟ್ಟಾಗ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ. ಜನರಲ್ ಮೋಟಾರ್ಸ್ 2017ರ ಕೊನೆಗೆ ಇಲ್ಲಿ ಕಾರು ಮಾರುವುದನ್ನು ನಿಲ್ಲಿಸಿತು, ಫಿಯೆಟ್ಟಿನ ಪುಂಟೊ ಮತ್ತು ಲಿನಿಯಾ 2019ರಲ್ಲಿ ನಿಂತವು, ಫೋರ್ಡ್ 2021ರಲ್ಲಿ ಇಲ್ಲಿನ ತಯಾರಿಕೆ ಮುಚ್ಚುವುದಾಗಿ ಘೋಷಿಸಿತು. ಸಾಧಾರಣ ಮಾದರಿಗಳಿಗೆ ಬೇರೆ ತಯಾರಕರ ಬಿಡಿಭಾಗಗಳಾದರೂ ಸಿಗುತ್ತವೆ, ವೇಗದ ಮಾದರಿಗಳಿಗೆ ಆ ಅನುಕೂಲವಿಲ್ಲ, ಏಕೆಂದರೆ ಅವುಗಳ ಸಂಖ್ಯೆಯೇ ಕಡಿಮೆ. ಆಕ್ಟೇವಿಯಾ ಆರ್‌ಎಸ್ 2017ರಲ್ಲಿ ಮತ್ತೆ ಬಂದಾಗ ದೇಶಕ್ಕೆಲ್ಲ ಸೇರಿ 500 ಕಾರು, 2020ರಲ್ಲಿ 200 ಕಾರು ಎಂದಷ್ಟೇ ನಿಗದಿಯಾಗಿತ್ತು. ಅಷ್ಟು ಸಣ್ಣ ಸಂಖ್ಯೆಗೆ ದೊಡ್ಡ ಬ್ರೇಕ್ ಡಿಸ್ಕನ್ನೋ ವಿಶೇಷ ಬಂಪರನ್ನೋ ದಾಸ್ತಾನಿಡಲು ಬೆಂಗಳೂರಿನ ಜೆ.ಸಿ. ರಸ್ತೆಯ ಯಾವ ಅಂಗಡಿಯವರು ಮುಂದೆ ಬಂದಾರು? ಹಾಗಾಗಿ ಜರ್ಮನಿಯಲ್ಲಿ ಕೆಲಸದಲ್ಲಿರುವ ಅಣ್ಣನೋ ಗೆಳೆಯನೋ ಊರಿಗೆ ಬರುವಾಗ ಚೀಲದಲ್ಲಿ ಒಂದು ಸೆನ್ಸರ್, ಒಂದು ಜೊತೆ ಬ್ರೇಕ್ ಪ್ಯಾಡ್ ತಂದುಕೊಡುವುದು ನನ್ನ ಗ್ರಾಹಕರಲ್ಲಿ ವಾಡಿಕೆಯಾಗಿದೆ. ಕೊರಿಯರ್‌ನಲ್ಲಿ ತರಿಸುವವರು ಸಾಗಣೆ, ಆಮದು ಸುಂಕ, ಅದರ ಮೇಲೆ ಜಿಎಸ್‌ಟಿ ಎಲ್ಲವನ್ನೂ ತೆತ್ತು, ಬಂದ ವಸ್ತು ಹೊಂದದಿದ್ದರೆ ಹಿಂದಿರುಗಿಸಲಾಗದೆ ಕೈಚೆಲ್ಲುತ್ತಾರೆ. ಬಿಡಿಭಾಗಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್‌ನಲ್ಲಿ ಶೇ 28ರಿಂದ ಶೇ 18ಕ್ಕೆ ಇಳಿದದ್ದು ಸ್ವಾಗತಾರ್ಹ. ಆದರೆ ಸಿಗದ ವಸ್ತುವಿಗೆ ತೆರಿಗೆ ಇಳಿದು ಫಲವೇನು?

ಪೆಟ್ರೋಲಿನ ವಿಷಯವನ್ನೂ ಇಲ್ಲಿ ಹೇಳಬೇಕು. ಈಗ ಬಂಕ್‌ಗಳಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲ್. ಕೆಲವು ಹಳೆಯ ವಾಹನಗಳಲ್ಲಿ 20,000ದಿಂದ 30,000 ಕಿಲೋಮೀಟರ್ ಓಡಿದ ಮೇಲೆ ಕೆಲವು ರಬ್ಬರ್ ಭಾಗ ಮತ್ತು ಗ್ಯಾಸ್ಕೆಟ್‌ಗಳನ್ನು ಬದಲಿಸಬೇಕಾಗಬಹುದು, ಅದೇನೂ ದುಬಾರಿಯಲ್ಲ ಎಂದು ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟ್‌ನಲ್ಲಿ ತಿಳಿಸಿತು. ಸಾಮಾನ್ಯ ಕಾರಿನ ಮಟ್ಟಿಗೆ ಆ ಮಾತು ನಿಜವಿರಬಹುದು. ಇಪ್ಪತ್ತು ವರ್ಷದ ಹಿಂದೆ ಯುರೋಪಿನ ಪೆಟ್ರೋಲಿಗಾಗಿ ರೂಪಿಸಿದ ಎಂಜಿನ್ನಿಗೆ ಆ ಹತ್ತು ರೂಪಾಯಿಯ ಸೀಲ್ ಬಿಡಿಯಾಗಿ ಸಿಗದೆ ಇಡೀ ಫ್ಯೂಯೆಲ್ ಪಂಪ್ ಜೋಡಣೆಯನ್ನೇ ಕೊಳ್ಳಬೇಕಾದರೆ ಅದು ದುಬಾರಿಯೇ.

ಇದಕ್ಕೆ ಪರಿಹಾರದ ದಾರಿ ಹೊಸದಾಗಿ ಹುಡುಕಬೇಕಾಗಿಲ್ಲ. ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ವಿಧಿಸಿ, ಆ ಬಿಡಿಭಾಗ, ಉಪಕರಣಗಳು ಮುಕ್ತ ಮಾರುಕಟ್ಟೆಯಲ್ಲಿ ದೊರೆಯುವಂತೆ ಮಾಡಬೇಕೆಂದು ಆದೇಶಿಸಿತ್ತು. ಆ ಆದೇಶ ಮೇಲ್ಮನವಿಗಳ ಹಾದಿ ಹಿಡಿಯಿತು, ನನ್ನಂಥವರ ಗ್ಯಾರೇಜಿನವರೆಗೆ ಅದರ ಫಲ ಬಂದು ತಲುಪಿಲ್ಲ. ಕೊಂಡ ವಸ್ತುವನ್ನು ಮಾಲೀಕರು ತಮಗೆ ಬೇಕಾದಲ್ಲಿ ರಿಪೇರಿ ಮಾಡಿಸಿಕೊಳ್ಳುವ ‘ದುರಸ್ತಿಯ ಹಕ್ಕಿನ’ ಕುರಿತು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಸಮಿತಿ ರಚಿಸಿ, ಅದರ ವ್ಯಾಪ್ತಿಗೆ ವಾಹನಗಳನ್ನೂ ಸೇರಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಜಾಲತಾಣವೂ ಆರಂಭವಾಯಿತು. ಅಲ್ಲಿ ಸಹಾಯವಾಣಿಯ ಸಂಖ್ಯೆ ಸಿಕ್ಕರೆ ಸಾಲದು, ಭಾಗದ ಸಂಖ್ಯೆ, ವೈರಿಂಗ್ ನಕ್ಷೆ, ತಂತ್ರಾಂಶ ಸಿಗಬೇಕು. ಐರೋಪ್ಯ ಒಕ್ಕೂಟದಲ್ಲಿ ದುರಸ್ತಿಯ ಮಾಹಿತಿಯನ್ನು ಸ್ವತಂತ್ರ ಗ್ಯಾರೇಜುಗಳಿಗೆ ಸಮಂಜಸ ಶುಲ್ಕಕ್ಕೆ ಕೊಡಲೇಬೇಕೆಂಬ ಕಾನೂನಿದೆ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲೇ ಅಂಥ ಕಾನೂನಿಗೆ ಒಪ್ಪಿಗೆ ಕೊಟ್ಟರು. ಅಲ್ಲೆಲ್ಲ ಆ ನಿಯಮಕ್ಕೆ ತಲೆಬಾಗುವ ಕಂಪನಿಗಳೇ ಇಲ್ಲಿಯೂ ಕಾರು ಮಾರುತ್ತಿರುವಾಗ, ಇಲ್ಲಿ ಅದು ಅಸಾಧ್ಯ ಎನ್ನಲು ಕಾರಣವಿಲ್ಲ.

ಒಂದು ಮಾದರಿಯ ಮಾರಾಟ ನಿಂತ ಮೇಲೆ ಕನಿಷ್ಠ ಹದಿನೈದು ವರ್ಷ ಅದರ ಬಿಡಿಭಾಗಗಳನ್ನು ಪೂರೈಸುವುದು ಕಡ್ಡಾಯವಾಗಬೇಕು. ದೇಶ ಬಿಟ್ಟು ಹೋಗುವ ಕಂಪನಿಯಾದರೆ ಹೋಗುವ ಮುನ್ನವೇ ಅದಕ್ಕೆ ಠೇವಣಿ ಇಡಬೇಕು. ಕೂಡಿಸಿದ ಘಟಕವನ್ನು ಮಾರುವಾಗ ಅದರೊಳಗಿನ ಸವೆಯುವ ಭಾಗಗಳೂ ಬಿಡಿಯಾಗಿ ಸಿಗಬೇಕು. ತಯಾರಿಕೆಯೇ ನಿಂತುಹೋದ ಭಾಗಗಳನ್ನು ಮಾಲೀಕರು ಸ್ವಂತ ಉಪಯೋಗಕ್ಕೆ ತರಿಸಿಕೊಂಡರೆ ಆಮದು ಸುಂಕದಲ್ಲಿ ವಿನಾಯಿತಿ ಇರಬೇಕು. ಹದಿನೈದು ವರ್ಷ ತುಂಬಿದ ಕಾರಿಗೆ ಎಫ್‌ಸಿ ಕೊಡುವಾಗ ಬ್ರೇಕು, ಹೊಗೆ, ಸ್ಟೀರಿಂಗ್ ಎಲ್ಲವನ್ನೂ ಎಷ್ಟು ಕಟ್ಟುನಿಟ್ಟಾಗಿ ಬೇಕಾದರೂ ಪರೀಕ್ಷಿಸಲಿ, ನಾನು ಅದರ ಪರವಾಗಿದ್ದೇನೆ. ಆದರೆ ಆ ಪರೀಕ್ಷೆಯಲ್ಲಿ ಪಾಸಾಗಲು ಬೇಕಾದ ಬ್ರೇಕ್ ಕ್ಯಾಲಿಪರ್ ಎಲ್ಲಿ, ಎಷ್ಟು ಬೆಲೆಗೆ, ಎಷ್ಟು ದಿನದಲ್ಲಿ ಸಿಗುತ್ತದೆ ಎಂಬ ಪ್ರಶ್ನೆಗೆ ಉತ್ತರಿಸುವ ಹೊಣೆ ಕಾರು ತಯಾರಿಸಿದವರದ್ದೂ ಆಗಬೇಕು. ರಾಜ್ಯದ ಸಂಸದರು ಮುಂದಿನ ಅಧಿವೇಶನದಲ್ಲಿ ಗ್ರಾಹಕ ವ್ಯವಹಾರಗಳ ಸಚಿವಾಲಯವನ್ನು ಈ ಬಗ್ಗೆ ಪ್ರಶ್ನಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇತಿ,
ಗ್ಯಾರೇಜು ಮಾಲೀಕ, ಹುಬ್ಬಳ್ಳಿ