ಮೇಷ್ಟ್ರ ಮನೆ ಮಾರಾಟಕ್ಕಿದೆ

"ಅಮ್ಮಾ, ನಮ್ಮ ಕನ್ನಡ ಶಾಲೆ ಮಾರ್ತಾ ಇದಾರೆ!" ಹಿಂದಿನ ಸೀಟಿನಿಂದ ಮಗಳು ಕಿರುಚಿದಳು. ಮೇಷ್ಟ್ರ ಮನೆ ಮುಂದಿನ ಹುಲ್ಲಿನಲ್ಲಿ ಏಜೆಂಟರ ಬೋರ್ಡು. ಸುದ್ದಿ ಕಿವಿಗೆ ಬಿದ್ದಿತ್ತು, ಬೋರ್ಡು ಕಣ್ಣಿಗೆ ಬಿದ್ದದ್ದು ಆಗಲೇ.

ನಮ್ಮ ಕನ್ನಡ ಸಂಘದ ಪತ್ರಿಕೆಗೆ ರಾಜ್ಯೋತ್ಸವದ ಸಂಪಾದಕೀಯ ಬರೆಯಲು ಕೂತವಳು ನಾನು. ರಾತ್ರಿ ಹನ್ನೊಂದೂವರೆ ಆಯಿತು, ಬೆಳಗ್ಗೆ ಸಂಚಿಕೆ ಮುದ್ರಣಕ್ಕೆ ಹೋಗಬೇಕು, ತಲೆಯಲ್ಲಿ ಮಾತ್ರ ಆ ಮನೆಯೇ.

ಮಹಾಯುದ್ಧ ಮುಗಿದ ಮೇಲೆ ನ್ಯೂಜೆರ್ಸಿಯ ಹೊಲಗದ್ದೆಗಳಲ್ಲಿ ಸಾಲುಸಾಲಾಗಿ ಎದ್ದ ಸ್ಪ್ಲಿಟ್ ಲೆವೆಲ್ ಮನೆಗಳಲ್ಲಿ ಅದೂ ಒಂದು. ಬಾಗಿಲು ದಾಟಿದರೆ ಹಾಲ್, ಅಡುಗೆಮನೆ. ನಾಲ್ಕಾರು ಮೆಟ್ಟಿಲು ಹತ್ತಿದರೆ ಮಲಗುವ ಕೋಣೆಗಳು, ಇಳಿದರೆ ಗ್ಯಾರೇಜಿಗೆ ಅಂಟಿದ ತಗ್ಗು ಸೂರಿನ ಕೋಣೆ. ಗಂಡ, ಹೆಂಡತಿ, ಎರಡು ಮಕ್ಕಳು, ಒಂದು ಕಾರು ಅಂತ ಲೆಕ್ಕ ಹಾಕಿ ಕಟ್ಟಿದ್ದು. ರ‍್ಯಾರಿಟನ್ ಟೌನ್‌ಶಿಪ್ ಅನ್ನಿಸಿಕೊಂಡಿದ್ದ ನಮ್ಮ ಊರು ಎಡಿಸನ್ ಆದದ್ದು 1954ರಲ್ಲಿ. 1971ರಲ್ಲಿ ಪಕ್ಕದಲ್ಲೇ ಮೆಟ್ರೋಪಾರ್ಕ್ ರೈಲು ನಿಲ್ದಾಣ ತೆರೆಯಿತು, ನ್ಯೂಯಾರ್ಕಿಗೆ ಕೆಲಸಕ್ಕೆ ಹೋಗುವವರಿಗೆ ದಾರಿ ಸಲೀಸಾಯಿತು. ಓಕ್ ಟ್ರೀ ರೋಡು ನಮ್ಮವರ ಪೇಟೆಯಾದದ್ದು ಆಮೇಲೆ.

ಆ ತಗ್ಗು ಕೋಣೆಯಲ್ಲೇ ಭಾನುವಾರದ ಅಆಇಈ, ಅಲ್ಲೇ ಸಂಘದ ಜಗಳ, ಅಲ್ಲೇ ಯಕ್ಷಗಾನದ ತಾಲೀಮು. ಸೂರು ಎಷ್ಟು ತಗ್ಗು ಅಂದರೆ ಕೌರವ ಕಿರೀಟ ಕಟ್ಟಿದರೆ ನೆಟ್ಟಗೆ ನಿಲ್ಲುವ ಹಾಗಿಲ್ಲ. ಗಿರಕಿ ಹೊಡೆದು ಹಾರುವ ಧೀಂಗಿಣ ಹಾಕಲು ಹೋಗಿ ಒಮ್ಮೆ ಫ್ಯಾನಿನ ರೆಕ್ಕೆ ಮುರಿಯಿತು, ಅಂದಿನಿಂದ ಕೌರವ ಮಂಡಿ ಬಗ್ಗಿಸಿಯೇ ಅಬ್ಬರಿಸಬೇಕಾಯಿತು. ಮಕ್ಕಳೆಲ್ಲ ಮೆಟ್ಟಿಲ ಮೇಲೆ ಸಾಲಾಗಿ ಕೂತು ಚಕ್ಕುಲಿ ಮುರಿಯುತ್ತ ನೋಡುತ್ತಿದ್ದರು. ಬೀದಿಗೆ ಕೇಳಬಾರದೆಂದು ಚೆಂಡೆಗೆ ಬೆಡ್‌ಶೀಟು ಸುತ್ತುತ್ತಿದ್ದೆವು. ಅಂಥ ಒಂದು ಸಂಜೆ ಬಾಗಿಲು ಬಡಿದ ಸದ್ದು. ತೆಗೆಯಲು ಹೋದವನು ಮೀಸೆ, ಕಿರೀಟ, ಗದೆ ಸಮೇತ ಕೌರವ! ಹೊರಗೆ ಪಕ್ಕದ ಮನೆಯ ಇಟಾಲಿಯನ್ ಅಜ್ಜ. ತಮ್ಮ ಡ್ರೈವ್‌ವೇಗೆ ಅಡ್ಡ ನಿಂತ ಕಾರಿನ ಬಗ್ಗೆ ಬೈಯಲು ಬಂದವರು, ಒಂದು ಹೆಜ್ಜೆ ಹಿಂದೆ ಸರಿದು, ಬಹಳ ವಿನಯದಿಂದ, ಆ ಕಾರು ತೆಗೆಯಲು ಆಗುತ್ತದೆಯೇ ಅಂತ ಕೇಳಿದರು. ಒಳಗೆ ಮೇಷ್ಟ್ರ ಮನೆಯವರು ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಿದ್ದೇ ನಕ್ಕಿದ್ದು.

ಮೇಷ್ಟ್ರಿಗೆ ಈಗ ಮೆಟ್ಟಿಲು ಆಗುವುದಿಲ್ಲ. ಆ ಮನೆಯಲ್ಲಿ ಸ್ನಾನಕ್ಕೂ ಹತ್ತಬೇಕು, ಬಟ್ಟೆ ಒಗೆಯಲೂ ಇಳಿಯಬೇಕು. ಹಿಮ ಬಿದ್ದರೆ ಮನೆ ಮುಂದಿನ ಕಾಲುದಾರಿ ಬೇರೆ ಗೋರಬೇಕು. ಟೆಕ್ಸಾಸಿನಲ್ಲಿರುವ ಮಗನ ಹತ್ತಿರ ಹೊರಟಿದ್ದಾರೆ, ಸರಿಯಾದದ್ದೇ. ಏಜೆಂಟು ಬಂದವಳೇ ಮೊದಲು ಹೇಳಿದ್ದು, ನೋಡಲು ಬಂದವರಿಗೆ ವಾಸನೆ ಹೊಡೆಯಬಾರದು, ಮನೆ ಮಾರಾಟವಾಗುವ ತನಕ ಒಗ್ಗರಣೆ ಬಂದ್! ಪಾಪ, ಗ್ಯಾರೇಜಿನಲ್ಲಿ ಇಂಡಕ್ಷನ್ ಒಲೆ ಇಟ್ಟುಕೊಂಡು ಸಾರು ಮಾಡಿದರು. ಕೊನೆಗೆ ಕೊಳ್ಳಲು ಒಪ್ಪಿದವರು ಗುಂಟೂರಿನವರಂತೆ. ಇನ್ನು ಆ ಮನೆಯ ಒಗ್ಗರಣೆಗೆ ಚಿಂತೆಯಿಲ್ಲ.

ಸೂಚನೆಗಳು, ಗಡಿಬಿಡಿಯಲ್ಲಿ: ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ, ಮಧ್ಯಾಹ್ನ ಮೂರಕ್ಕೆ, ಎಂದಿನ ಸಭಾಂಗಣ. ಊಟಕ್ಕೆ ಹೆಸರು ಮೊದಲೇ ಕೊಡಿ, ಬಾಗಿಲಲ್ಲಿ ಬಂದು "ನಾವು ಆರು ಜನ" ಅನ್ನಬೇಡಿ. ನವೆಂಬರ್ ಮೊದಲ ಭಾನುವಾರ ಇಲ್ಲಿನ ಬೇಸಿಗೆ ಸಮಯ ಮುಗಿದು ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಕನ್ನಡ ತರಗತಿಗೆ ಹೊಸ ಸಮಯದ ಹತ್ತು ಗಂಟೆಗೇ ಬನ್ನಿ. ತರಗತಿ ಸದ್ಯಕ್ಕೆ ನಮ್ಮ ಮನೆಯಲ್ಲಿ; ಕುರ್ಚಿ ಸಾಲದು, ಚಾಪೆ ತನ್ನಿ.

ಇನ್ನೊಂದು ಮಾತು. ವೇಷಭೂಷಣದ ಪೆಟ್ಟಿಗೆಗಳು, ಪರದೆ, ಮದ್ದಳೆ, ಚೆಂಡೆ, ನೂರು ಜನಕ್ಕೆ ಸಾಕಾಗುವ ಪಾತ್ರೆಗಳು ಎಲ್ಲವೂ ಇನ್ನೂ ಆ ತಗ್ಗು ಕೋಣೆಯಲ್ಲೇ ಇವೆ. ತಿಂಗಳ ಕೊನೆಯೊಳಗೆ ಖಾಲಿ ಮಾಡಬೇಕು. ನಮ್ಮ ಬೇಸ್‌ಮೆಂಟ್ ಕೊಡೋಣವೆಂದರೆ 2021ರ ಸೆಪ್ಟೆಂಬರಿನಲ್ಲಿ ಐಡಾ ಚಂಡಮಾರುತ ಬಂದಾಗ ಮೊಣಕಾಲು ಮಟ್ಟ ನೀರು ನಿಂತಿತ್ತು, ಚರ್ಮವಾದ್ಯಕ್ಕೆ ತೇವ ಆಗದು. ಯಾರ ಮನೆಯಲ್ಲಾದರೂ ಒಣ ಜಾಗ ಇದ್ದರೆ ದಯವಿಟ್ಟು ಹೇಳಿ. ಹಾಗೇ ಒಂದು ವ್ಯಾನು, ಎತ್ತಲು ನಾಲ್ಕು ಜನ. ಏಳನೇ ಪುಟ ಖಾಲಿ ಬಿದ್ದಿದೆ ಅನ್ನುವುದನ್ನೂ ಇಲ್ಲೇ ತುರುಕುತ್ತೇನೆ, ಬರೆಯುವವರು ಇದ್ದರೆ ಜಾಗದ ಜೊತೆ ಲೇಖನವನ್ನೂ ಕೊಡಿ.