ಕಿವಿ ಮುಚ್ಚಿಕೊಳ್ಳುವ ಮಕ್ಕಳಿಗೂ ಆಟ ಬೇಕು

ಸಂಪಾದಕರಿಗೆ,

ಮಾನ್ಯರೇ,

ಮಳೆಗಾಲಕ್ಕೆ ಮೊದಲು ಬರುವ ಪತ್ತನಾಜೆಯ ದಿನ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಯಕ್ಷಗಾನ ಮೇಳಗಳು ಮುಂದಿನ ತಿರುಗಾಟಕ್ಕೆ ಸಜ್ಜಾಗುವ ಮೊದಲೇ ಕಾಸರಗೋಡಿನ ಸಂಘಟಕರಲ್ಲಿ ಒಂದು ಬೇಡಿಕೆ ಇಡುತ್ತಿದ್ದೇನೆ. ಆಟಿಸಂ ಇರುವ, ಸದ್ದು ಮತ್ತು ಬೆಳಕಿನ ಹೊಡೆತವನ್ನು ತಾಳಲಾರದ ಮಕ್ಕಳಿಗಾಗಿ ವರ್ಷಕ್ಕೆ ಒಂದು ಯಕ್ಷಗಾನ ಆಟವನ್ನಾದರೂ ಏರ್ಪಡಿಸಿ.

ನನ್ನ ಮಗ ಅಂಥವನು. ಮೊಬೈಲಿನಲ್ಲಿ ಸದ್ದು ತಗ್ಗಿಸಿಕೊಂಡು ಯಕ್ಷಗಾನ ನೋಡುತ್ತಾನೆ, ಭಾಗವತರ ಪದಗಳನ್ನು ತಾಳ ತಪ್ಪದೆ ಗುನುಗುತ್ತಾನೆ. ಆದರೆ ಸಭಾಭವನದಲ್ಲಿ ಕೂರಲಾರ. ಎರಡೂ ಕಿವಿ ಮುಚ್ಚಿಕೊಂಡು ಅವನು ಕಿರುಚಿದಾಗ, ಇಂಥವರನ್ನು ಯಾಕೆ ಕರೆತರುತ್ತೀರಿ ಎಂದು ಹಿಂದಿನ ಸಾಲಿನಿಂದ ಕೇಳಿದವರಿದ್ದಾರೆ. ಆ ಮಾತು ಕೇಳಿದ ಮೇಲೆ ಎಷ್ಟೋ ಹೆತ್ತವರು ಮನೆಯಿಂದ ಹೊರಡುವುದನ್ನೇ ಬಿಟ್ಟುಬಿಡುತ್ತಾರೆ.

ಇದು ಮಗುವಿನ ಹಟವಲ್ಲ. ನಮ್ಮ ಮಿದುಳು ಬೇಡದ ಸದ್ದನ್ನು ತಾನಾಗಿ ಹಿಂದಕ್ಕೆ ಸರಿಸುತ್ತದೆ. ಈ ಮಕ್ಕಳಲ್ಲಿ ಅನೇಕರಿಗೆ ಎಲ್ಲವೂ ಒಟ್ಟಿಗೆ ಮೈಮೇಲೆ ಬೀಳುತ್ತದೆ. ನಮ್ಮ ಕಡೆಯ ಯಕ್ಷಗಾನ ಶೈಲಿಯಾದ ತೆಂಕುತಿಟ್ಟಿನ ಚೆಂಡೆ, ಚಕ್ರತಾಳ, ಅದನ್ನೆಲ್ಲ ಹಿಗ್ಗಿಸುವ ಧ್ವನಿವರ್ಧಕ, ಕಣ್ಣು ಕುಕ್ಕುವ ದೀಪ, ದೊಂದಿಗೆ ರಾಳ ಎರಚಿದಾಗ ಭುಗಿಲೆನ್ನುವ ಬೆಂಕಿ, ಅದರ ಹೊಗೆ, ವಾಸನೆ. ಮಹಿಷಾಸುರ ಸಭೆಯ ನಡುವಿನಿಂದಲೇ ಅಬ್ಬರಿಸುತ್ತ ಬರುವಾಗ ನಮಗೆ ರೋಮಾಂಚನ, ಅವರಿಗೆ ದಿಗಿಲು. ಸದ್ದಿನ ಪ್ರಮಾಣಕ್ಕಿಂತಲೂ ಅದು ಯಾವಾಗ ಬರುತ್ತದೆಂದು ತಿಳಿಯದಿರುವುದೇ ಹೆಚ್ಚು ಕಾಡುವುದುಂಟು. ಎಲ್ಲರೂ ಒಂದೇ ತೆರನಲ್ಲ ಎಂಬುದನ್ನೂ ಹೇಳಬೇಕು: ಚೆಂಡೆಯ ಪಕ್ಕದಲ್ಲೇ ನಿಂತು ಅದರ ನಡುಕವನ್ನು ಅಂಗೈಯಲ್ಲಿ ಅನುಭವಿಸಬಯಸುವ ಮಕ್ಕಳೂ ಇದ್ದಾರೆ.

ಅಬ್ಬರವಿಲ್ಲದೆ ಅದೆಂಥ ಬಣ್ಣದ ವೇಷ, ಅದೆಂಥ ರಾಕ್ಷಸ ಎಂದು ಹಿರಿಯ ಕಲಾವಿದರು ಕೇಳಬಹುದು. ಹರಕೆಯ ಬಯಲಾಟವನ್ನು ಬದಲಿಸಿ ಎಂದು ನಾನು ಕೇಳುತ್ತಿಲ್ಲ, ಕೇಳಲೂಬಾರದು. ಬೇರೆ ದಿನ, ಹಗಲು ಹೊತ್ತಿನಲ್ಲಿ, ಶಾಲೆಯ ಸಭಾಂಗಣದಲ್ಲಿ ಒಂದೂವರೆ ಗಂಟೆಯ ಪ್ರಸಂಗ ಸಾಕು. ಧ್ವನಿವರ್ಧಕ ಬೇಡ, ರಾಳ ಬೇಡ, ಸಭೆಯ ದೀಪ ಪೂರ್ತಿ ಆರಿಸುವುದು ಬೇಡ. ಬಾಗಿಲು ತೆರೆದಿರಲಿ, ಮಗು ಎದ್ದು ಓಡಾಡಿದರೆ, ಕೂಗಿದರೆ ಯಾರೂ ಗದರದಿರಲಿ. ಪಕ್ಕದಲ್ಲಿ ಸುಮ್ಮನೆ ಕುಳಿತಿರಲು ಒಂದು ಕೋಣೆ ಇರಲಿ. ಆಟಕ್ಕೆ ಮೊದಲು ಮಕ್ಕಳನ್ನು ವೇಷ ಕಟ್ಟುವ ಚೌಕಿಗೆ ಬಿಟ್ಟುಕೊಂಡು, ಮುಖಕ್ಕೆ ಬಣ್ಣ ಏರುವುದನ್ನು ಹತ್ತಿರದಿಂದ ತೋರಿಸಿದರೆ ಆ ರಾಕ್ಷಸನೊಳಗೆ ಒಬ್ಬ ಮಾಮ ಇದ್ದಾನೆಂದು ಅವರಿಗೆ ಗೊತ್ತಾಗಿರುತ್ತದೆ. ಇಡೀ ರಾತ್ರಿಯ ಆಟವನ್ನು ಕಾಲಮಿತಿಗೆ ಇಳಿಸಿಯೂ ಉಳಿದ ಕಲೆ ಇದು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಇಷ್ಟು ಸಾಧ್ಯವಾಗದೇ?

ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರದಲ್ಲಿ 2011ರಲ್ಲೇ ಆಟಿಸಂ ಇರುವವರಿಗಾಗಿ ಸದ್ದು, ಬೆಳಕು ತಗ್ಗಿಸಿದ ಪ್ರದರ್ಶನ ನಡೆದಿದೆ. ನಮ್ಮಲ್ಲಿಯೂ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ಪಟ್ಟಿಯಲ್ಲಿ ಸೇರಿಸಿದೆ. ಅದರ 29ನೆಯ ಕಲಂ, ಸಾಂಸ್ಕೃತಿಕ ಬದುಕಿನಲ್ಲಿ ಅವರೂ ಎಲ್ಲರ ಸಮಾನವಾಗಿ ಪಾಲ್ಗೊಳ್ಳುವಂತೆ ಕ್ರಮ ಕೈಗೊಳ್ಳಬೇಕೆಂದು ಸರಕಾರಕ್ಕೂ ಸ್ಥಳೀಯಾಡಳಿತಕ್ಕೂ ಹೇಳುತ್ತದೆ. ಅಂದರೆ ಪಂಚಾಯತಿಗೂ ಇದರಲ್ಲಿ ಹೊಣೆಯಿದೆ. ಎಂಡೋಸಲ್ಫಾನ್ ಕೀಟನಾಶಕದ ದುರಂತವನ್ನು ಕಂಡ ಜಿಲ್ಲೆ ನಮ್ಮದು. ಇಲ್ಲಿನ ಬಡ್ಸ್ ಎಂಬ ವಿಶೇಷ ಶಾಲೆಗಳ ಮಕ್ಕಳಿಗೆ ಚಿಕಿತ್ಸೆ, ಪಿಂಚಣಿಯ ಮಾತು ಬರುತ್ತದೆ, ಬರಲೇಬೇಕು. ಅವರ ಸಂತೋಷದ ಮಾತು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ವಸ್ತುಸಂಗ್ರಹಾಲಯಗಳಿಗೆ ಇದು ಇನ್ನೂ ಸುಲಭ. ಮಂಜೇಶ್ವರದ ಗೋವಿಂದ ಪೈ ಸ್ಮಾರಕದಂಥ ತಾಣಗಳಲ್ಲಿ ವಾರಕ್ಕೆ ಒಂದು ಗಂಟೆ ಜನಸಂದಣಿಯಿಲ್ಲದ ಹೊತ್ತನ್ನು ಗೊತ್ತುಮಾಡಬಹುದು. ಎಲ್ಲಿ ಏನಿದೆ, ಎಲ್ಲಿ ಸದ್ದಿದೆ ಎಂಬುದನ್ನು ಚಿತ್ರಸಹಿತ ಒಂದು ಹಾಳೆಯಲ್ಲಿ ಮೊದಲೇ ಕೊಡಬಹುದು. ಅದು ಮಲೆಯಾಳದ ಜೊತೆಗೆ ಕನ್ನಡದಲ್ಲೂ ಇರಬೇಕು. ಬದಲಾವಣೆಗೆ ಬೆದರುವ ಮಗುವಿಗೆ ಮನೆಮಾತಿನಲ್ಲಿ ಹೇಳಿದರೇ ಧೈರ್ಯ. ಯಕ್ಷಗಾನ ಬೊಂಬೆಯಾಟದವರು ಒಂದೆರಡು ಬೊಂಬೆಗಳನ್ನು ಮುಟ್ಟಲು ಕೊಟ್ಟರಂತೂ ನಮ್ಮ ಮಕ್ಕಳು ಅಲ್ಲಿಂದ ಏಳಲಾರರು.

ಯಾವುದಾದರೂ ಮೇಳ, ಸಂಘ ಅಥವಾ ಶಾಲೆ ಮುಂದೆ ಬಂದರೆ ಅಂಥ ಚಿತ್ರಸಹಿತ ಹಾಳೆಯನ್ನು ಸಿದ್ಧಪಡಿಸಲು, ಪ್ರೇಕ್ಷಕರನ್ನು ಕೂಡಿಸಲು, ಆ ದಿನ ಬಾಗಿಲಲ್ಲಿ ನಿಲ್ಲಲು ನಾವು ಕೆಲವು ಹೆತ್ತವರು ಸಿದ್ಧರಿದ್ದೇವೆ. ದಿನ ಗೊತ್ತುಮಾಡಿ ಈ ಪತ್ರಿಕೆಯಲ್ಲಿ ಪ್ರಕಟಿಸಿದರೆ ಸಾಕು.

– ಒಬ್ಬ ತಾಯಿ, ಬದಿಯಡ್ಕ